ಸಿಡಿದರೂ ನಿಂತ ಮನೆ

ಇಟಲಿಯ ನಿರ್ದೇಶಕ ಆಂಟೋನಿಯೋನಿ ಅಮೆರಿಕದಲ್ಲಿ ತೆಗೆದ 'ಝಬ್ರಿಸ್ಕಿ ಪಾಯಿಂಟ್' ಚಿತ್ರ 1970ರಲ್ಲಿ ತೆರೆಕಂಡಾಗ ವಿಮರ್ಶಕರು ತಳ್ಳಿಹಾಕಿದರು, ಹಣವೂ ಬರಲಿಲ್ಲ. ಆಕ್ಷೇಪ ಸುಳ್ಳಲ್ಲ: ಕಥೆ ತೆಳು, ಹೊಸಬರ ನಟನೆ ಸಪ್ಪೆ.

ಆದರೂ ಕೊನೆಯ ದೃಶ್ಯ ಮರೆಯಲಾಗದು. ಗೆಳೆಯ ಪೊಲೀಸರ ಗುಂಡಿಗೆ ಬಲಿಯಾದ ಸುದ್ದಿ ಕೇಳಿದ ಯುವತಿ, ತನ್ನ ಧಣಿಯ ಮರುಭೂಮಿ ಬಂಗಲೆಯನ್ನು ದಿಟ್ಟಿಸುತ್ತಾಳೆ. ಅದು ಮತ್ತೆ ಮತ್ತೆ ಸಿಡಿಯುತ್ತದೆ. ಬಟ್ಟೆ, ಫ್ರಿಜ್ಜು, ಪುಸ್ತಕ ನೀಲಿ ಆಕಾಶದಲ್ಲಿ ಮೆಲ್ಲನೆ ತೇಲುತ್ತವೆ. ಆದರೆ ಸಿಡಿದದ್ದು ಅವಳ ಮನಸ್ಸಿನಲ್ಲಿ ಮಾತ್ರ.

ಪ್ರಿಯ ಓದುಗರೇ, ದುರಾಸೆಯ ಮೇಲಿನ ಸಿಟ್ಟು ನ್ಯಾಯವೇ. ಆದರೆ ವಿನಾಶ ಕಣ್ಣಿಗೆ ಚೆಂದ ಕಂಡರೆ ಒಳಿತಾಗುತ್ತದೆಯೇ? ಸತ್ತವನು ಮರಳಲಿಲ್ಲ, ಬಂಗಲೆಯೂ ಅಲುಗಲಿಲ್ಲ. ಸಿಟ್ಟು ಕಣ್ಣು ತೆರೆಸೀತು, ಬದುಕು ಕಟ್ಟಲಾರದು. ಚಿತ್ರ ಉತ್ತರ ಕೊಡದಿದ್ದರೂ ಒಂದು ಪ್ರಶ್ನೆ ಬಿಟ್ಟುಹೋಗುತ್ತದೆ: ಮನೆ ತುಂಬಿರುವ ವಸ್ತುಗಳು ನಮಗಾಗಿಯೋ, ನಾವು ಅವುಗಳಿಗಾಗಿಯೋ?