ವೇದಿಕೆ ಇಳಿದ ಮೇಲೆ

ಮತ್ತಾಯ 6ನೇ ಅಧ್ಯಾಯ ತೆಗೀರಿ, 1ರಿಂದ 6ನೇ ವಚನ. ಮೊಬೈಲ್‌ನಲ್ಲಿ ಓದೋರು ಓದ್ರಿ, ಆದರೆ ವಾಟ್ಸಾಪ್ ಕಡೆ ಹೋಗಬೇಡ್ರಿ! ಆಮೆನ್?

ಜನರಿಗೆ ಕಾಣಲಿ ಅಂತ ದಾನ ಮಾಡೋರನ್ನು, ಬೀದಿ ಮೂಲೆಯಲ್ಲಿ ನಿಂತು ಪ್ರಾರ್ಥಿಸೋರನ್ನು ಯೇಸುಸ್ವಾಮಿ ಇಲ್ಲಿ ಕಪಟಿಗಳು ಅಂತ ಕರೀತಾರೆ. ಮೂಲ ಗ್ರೀಕ್ ಭಾಷೆಯಲ್ಲಿ ಆ ಪದ ಹುಪೊಕ್ರಿತೇಸ್. ಅದರ ಅರ್ಥ ನಾಟಕದ ಪಾತ್ರಧಾರಿ. ಗ್ರೀಕ್ ನಾಟಕದಲ್ಲಿ ಪಾತ್ರಧಾರಿ ಮುಖವಾಡ ಹಾಕ್ಕೊಂಡು ಬರ್ತಿದ್ದ. ಅಂದ್ರೆ ಸ್ವಾಮಿ ಹೇಳ್ತಿರೋದು ಇಷ್ಟು: ನಾಟಕ ಥಿಯೇಟರ್‌ನಲ್ಲಿ ಮಾತ್ರ ನಡೆಯೋದಿಲ್ಲ, ಸಭಾಮಂದಿರದಲ್ಲೂ ನಡೆಯುತ್ತೆ.

ಪ್ರಿಯರೇ, ಇದನ್ನು ಕೇಳಿ ಕಲೆಯೇ ಪಾಪ ಅಂದುಕೊಳ್ಳಬೇಡಿ. ದಾವೀದ ಕಿನ್ನರಿ ನುಡಿಸಿದವನು. ನಮ್ಮ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಅಂಥ ಹಿರಿಯರ ದುಡಿಮೆಗೆ ಗೌರವ ಕೊಡೋಣ. ಇವತ್ತಿನ ಮಾತು ಬೇರೆ. ಕರ್ತನು ಕರೆದ ಅಂತ ವೇದಿಕೆ ಬಿಟ್ಟು ಬಂದವನು ಆಮೇಲೆ ಹೇಗೆ ಬದುಕಬೇಕು?

ನನಗೆ ಒಬ್ಬ ತಮ್ಮ ಗೊತ್ತು, ಗಂಗಾವತಿ ಕಡೆಯವನು. ರಸಮಂಜರಿ ಕಾರ್ಯಕ್ರಮಗಳಲ್ಲಿ ಹಾಡ್ತಿದ್ದ. ಕುಷ್ಟಗಿ, ಯಲಬುರ್ಗಾ ಕಡೆ ಜಾತ್ರೆ ಬಂತಂದ್ರೆ ಅವನಿಗೆ ನಿದ್ದೆ ಇರ್ತಿರಲಿಲ್ಲ. ರಕ್ಷಣೆ ಹೊಂದಿದ ಮೇಲೆ ಅದನ್ನ ಬಿಟ್ಟ. ಈಗ ರೈಸ್ ಮಿಲ್‌ಗೆ ಭತ್ತ ಹೊಡಿಯೋ ಗಾಡಿ ಓಡಿಸ್ತಾನೆ. ಬಿಟ್ಟ ಕೂಡಲೇ ಸಭೆಗಳಿಂದ ಕರೆ ಶುರುವಾಯ್ತು. ಪೋಸ್ಟರ್‌ನಲ್ಲಿ ಫೋಟೋ, ಕೆಳಗೆ "ಮಾಜಿ ಗಾಯಕ". ಒಂದು ವರ್ಷ ಊರೂರು ತಿರುಗಿ ಸಾಕ್ಷಿ ಹೇಳಿದ. ಒಂದು ರಾತ್ರಿ ನನಗೆ ಫೋನ್ ಮಾಡಿ ಹೇಳಿದ: "ಪಾಸ್ಟರ್ ಅಣ್ಣಾ, ಮೊದಲ ಹಾಡಿ ಅಳಸ್ತಿದ್ದೆ, ಈಗ ಸಾಕ್ಷಿ ಹೇಳಿ ಅಳಸ್ತೀನಿ. ಎಲ್ಲಿ ಮಾತು ನಿಲ್ಲಿಸಿದ್ರ ಜನ ಅಳತಾರ ಅನ್ನೋದು ನನಗ ಗೊತ್ತಾಗಿಬಿಟ್ಟೇತಿ. ಹಂಗಾದ್ರ ನಾ ಬಿಟ್ಟಿದ್ದರ ಏನು?"

ಎಂಥ ಪ್ರಾಮಾಣಿಕ ಪ್ರಶ್ನೆ ನೋಡ್ರಿ! ವೇದಿಕೆ ಬಿಟ್ಟಿದ್ದಾನೆ, ಆದರೆ ಚಪ್ಪಾಳೆ ಅವನನ್ನ ಬಿಟ್ಟಿಲ್ಲ.

ತಮಿಳು ಚಿತ್ರನಟ ಎ.ವಿ.ಎಂ. ರಾಜನ್ ಹೆಸರನ್ನು ನಿಮ್ಮ ಮನೆ ಹಿರಿಯರು ಕೇಳಿರಬಹುದು. 1963ರ "ನಾನುಂ ಒರು ಪೆಣ್" ಚಿತ್ರದಲ್ಲಿ ನಟಿಸಿದವರು. ಅವರ ಮಗಳು ಮಹಾಲಕ್ಷ್ಮಿ 80ರ ದಶಕದಲ್ಲಿ ಕನ್ನಡ ಚಿತ್ರಗಳ ನಾಯಕಿ. ರಾಜನ್ ಮುಂದೆ ಕ್ರಿಸ್ತನನ್ನು ಅಂಗೀಕರಿಸಿ ಸುವಾರ್ತಿಕರಾದರು. ಯೋಚನೆ ಮಾಡಿ: ನಟನಿಗೂ ಪ್ರಸಂಗಿಗೂ ಬೇಕಾದದ್ದು ಅದೇ ಧ್ವನಿ, ಅದೇ ಕೈ, ಮುಂದೆ ಅದೇ ಜನ. ಹೊರಗಿನಿಂದ ನೋಡಿ ವ್ಯತ್ಯಾಸ ಹೇಳೋಕೆ ಆಗಲ್ಲ. ಮೈಕ್ ಹಿಡಿದು ನಿಂತಿರೋ ನನಗೂ ಈ ಮಾತು ಅನ್ವಯಿಸುತ್ತೆ. ವ್ಯತ್ಯಾಸ ಒಂದೇ: ಯಾರು ನೋಡಲಿ ಅಂತ ಮಾಡ್ತಿದ್ದೀನಿ?

ಸ್ನಾನಿಕನಾದ ಯೋಹಾನನನ್ನು ನೋಡಿ. ಯೆರೂಸಲೇಮೇ ಎದ್ದು ಅವನ ಕಡೆ ಬಂದಿತ್ತು. ನೀನು ಯಾರು ಅಂತ ಕೇಳಿದಾಗ ಅವನು ಮೊದಲು ಹೇಳಿದ್ದು ತಾನು ಯಾರಲ್ಲ ಅನ್ನೋದನ್ನ: ಕ್ರಿಸ್ತನಲ್ಲ, ಎಲೀಯನಲ್ಲ, ಆ ಪ್ರವಾದಿಯೂ ಅಲ್ಲ. ಯಾವ ದೊಡ್ಡ ಪಾತ್ರವನ್ನೂ ಹಾಕ್ಕೊಳ್ಳಲಿಲ್ಲ. ಆಮೇಲೆ ಯೋಹಾನ 3ನೇ ಅಧ್ಯಾಯಕ್ಕೆ ಬನ್ನಿ. ಜನರೆಲ್ಲಾ ಯೇಸುವಿನ ಕಡೆ ಹೋಗ್ತಿದ್ದಾರೆ ಅಂತ ಶಿಷ್ಯರು ಬಂದು ದೂರಿದರು. ಯೋಹಾನ ಬೇಜಾರಾಗಲಿಲ್ಲ. ಮದುವೆಯಲ್ಲಿ ತಾನು ಮದಲಿಂಗನ ಗೆಳೆಯ ಮಾತ್ರ, ಅವನ ಧ್ವನಿ ಕೇಳಿದ್ದೇ ತನಗೆ ಸಂತೋಷ ಅಂದ. ಜನ ಕರಗಿ ಹೋಗ್ತಾ ಇರೋವಾಗ್ಲೂ ಸಂತೋಷ! ಹಲ್ಲೆಲೂಯ!

ಆ ತಮ್ಮನಿಗೆ ನಾನು ಹೇಳಿದ್ದು: ಆರು ತಿಂಗಳು ಎಲ್ಲೂ ಸಾಕ್ಷಿ ಹೇಳಬೇಡ. ಗಾಡಿ ಓಡಿಸು, ಭಾನುವಾರ ಸಭೆಯಲ್ಲಿ ಎಲ್ಲರ ಜೊತೆ ಕೂತು ಹಾಡು. ಮನೆಯಲ್ಲಿ ಬಾಗಿಲು ಮುಚ್ಚಿ ದೇವರ ಮುಂದೆ ಹಾಡು. ಸ್ವರ ತಪ್ಪಿದರೂ ಪರವಾಗಿಲ್ಲ, ತಂದೆ ಮಾರ್ಕ್ಸ್ ಹಾಕೋಕೆ ಕೂತಿಲ್ಲ. ಮೊದಮೊದಲು ಅವನಿಗೆ ಉಸಿರು ಕಟ್ಟಿದಂಗಾಯ್ತು. ಹೋದ ತಿಂಗಳು ಹೇಳಿದ: "ಅಣ್ಣಾ, ಗಾಡಿ ಒಳಗ ಒಬ್ಬನ ಹಾಡಾಕತ್ತಿದ್ದೆ. ಯಾರೂ ಕೇಳಾಕಿಲ್ಲ ಅನ್ನೋದು ನೆನಪ ಆಗಲಿಲ್ಲ."

ಸಭೆಯವರಿಗೂ ಒಂದು ಮಾತು. ವೇದಿಕೆ ಬಿಟ್ಟು ಬಂದವರ ಮನೆಯಲ್ಲಿ ಆದಾಯವೂ ನಿಂತಿರುತ್ತೆ. ಪೋಸ್ಟರ್ ಹಾಕಿಸೋ ಮೊದಲು ಅವರಿಗೆ ಒಂದು ಕೆಲಸ ಹುಡುಕಿಕೊಡ್ರಿ.

ಯೌವನಸ್ಥರೇ, ನೀವು ರಸಮಂಜರಿಯಲ್ಲಿ ಹಾಡದೇ ಇರಬಹುದು. ಆದರೆ ರೀಲ್ಸ್ ಇದೆ, ಸ್ಟೇಟಸ್ ಇದೆ, ನಮ್ಮ ಆರಾಧನಾ ತಂಡವೂ ಇದೆ. ತೊಗಲುಗೊಂಬೆಯಾಟದಲ್ಲಿ ಜನ ನೋಡೋದು ಪರದೆ ಮೇಲಿನ ಆಕಾರವನ್ನ. ಪರದೆ ಹಿಂದೆ ಕೂತವರು ಕಾಣೋದಿಲ್ಲ. ತಂದೆ ನೋಡೋದು ಪರದೆ ಹಿಂದಿರೋ ನಿನ್ನನ್ನ. ಈ ವಾರ ಒಂದು ಒಳ್ಳೆ ಕೆಲಸ ಮಾಡಿ, ಯಾರಿಗೂ ಹೇಳಬೇಡಿ. ಮುಂದಿನ ಭಾನುವಾರ ನನಗೂ ಹೇಳಬೇಡಿ!

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ತಂದೆಯೇ, ಯಾರೂ ನೋಡದಾಗ ನಾವು ಏನಾಗಿದ್ದೇವೋ ಅದನ್ನು ನೀನು ಬಲ್ಲೆ. ಹಾಗಿದ್ದರೂ ನಮ್ಮನ್ನು ಮಕ್ಕಳೆಂದು ಕರೆದಿದ್ದೀ. ಅದೇ ನಮಗೆ ಸಾಕಾಗುವಂತೆ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.