ನಿಜದ ಬೆಲೆ ಯಾರ ಲೆಕ್ಕಕ್ಕೆ?

ಗೌರಿಕುಂಡದಿಂದ ಕೇದಾರನಾಥಕ್ಕೆ ಸುಮಾರು 16 ಕಿಲೋಮೀಟರ್ ಏರುದಾರಿ. ನಡೆಯಲಾರದ ಯಾತ್ರಿಕರನ್ನೂ ಅವರ ಗಂಟುಮೂಟೆಯನ್ನೂ ಕುದುರೆಗಳು, ಹೇಸರಗತ್ತೆಗಳು ಹೊರುತ್ತವೆ. ಕರ್ನಾಟಕದಿಂದ ಹೋದವರೂ ಅವುಗಳ ಬೆನ್ನೇರಿದ್ದಾರೆ. ಈ ಪ್ರಾಣಿಗಳು ಯಾತ್ರೆಯ ಕೆಲಸಕ್ಕೆ ಸೇರುವ ಮುನ್ನ ರಕ್ತಪರೀಕ್ಷೆಯಾಗಬೇಕು. ಅಲ್ಲಿ ಹುಡುಕುವ ರೋಗಗಳಲ್ಲಿ ಒಂದು ಗ್ಲ್ಯಾಂಡರ್ಸ್.

ಇದು ಬ್ಯಾಕ್ಟೀರಿಯಾದಿಂದ ಬರುವ ರೋಗ. ಮೂಗಿನ ಸ್ರಾವ, ಚರ್ಮದ ಹುಣ್ಣು, ಹಲವು ಪ್ರಾಣಿಗಳು ಬಾಯಿಡುವ ಒಂದೇ ನೀರಿನ ತೊಟ್ಟಿ ಇದ್ದರೆ ಹರಡಲು ಸಾಕು. ಮನುಷ್ಯರಿಗೂ ಅಂಟುತ್ತದೆ, ಲಸಿಕೆಯಿಲ್ಲ. ಹೊರನೋಟಕ್ಕೆ ಗಟ್ಟಿಮುಟ್ಟಾಗಿರುವ ಪ್ರಾಣಿಯೂ ರೋಗವನ್ನು ಹೊತ್ತಿರಬಹುದು. ಆದ್ದರಿಂದ ಮೊದಲು ಎಲೈಸಾ ಪರೀಕ್ಷೆ, ಸಂಶಯ ಬಂದರೆ ದೃಢಪಡಿಸಲು ಇನ್ನೊಂದು. ಖಚಿತವಾದರೆ ಚಿಕಿತ್ಸೆಯಿಲ್ಲ, ಕೊಲ್ಲಬೇಕು. 1899ರ ಗ್ಲ್ಯಾಂಡರ್ಸ್ ಮತ್ತು ಫಾರ್ಸಿ ಕಾಯ್ದೆಯಲ್ಲಿದ್ದ ಈ ನಿಷ್ಠುರ ಕ್ರಮ 2009ರ ಹೊಸ ಕಾಯ್ದೆ ಬಂದ ಮೇಲೂ ಉಳಿದಿದೆ.

ಈಗ ಒಡೆಯನ ಜಾಗದಲ್ಲಿ ನಿಂತು ನೋಡೋಣ. ಸಾಲ ಮಾಡಿ ಕೊಂಡ ಒಂದೇ ಹೇಸರಗತ್ತೆ ಅವನದಾಗಿದ್ದರೆ, ಪರೀಕ್ಷೆ ಎಂದರೆ ಅವನ ಅನ್ನವನ್ನು ಪಣಕ್ಕಿಡುವ ಪ್ರಶ್ನೆ. ಉತ್ತರದಿಂದ ಲಾಭ ಎಲ್ಲರಿಗೂ, ನಷ್ಟ ಅವನೊಬ್ಬನಿಗೆ. ಅವನು ಪ್ರಾಣಿಯನ್ನು ರಾತ್ರೋರಾತ್ರಿ ಬೇರೆ ಊರಿಗೆ ಸಾಗಿಸಿದರೆ ಸ್ವಾರ್ಥಿ ಎನ್ನುವುದು ನಮಗೆ ಸುಲಭ. ನಾವು ಕಳೆದುಕೊಳ್ಳುವುದು ಏನೂ ಇಲ್ಲವಲ್ಲ.

ಹಾಗೆಂದು ಮುಚ್ಚಿಡುವುದು ಸರಿಯಾಗುವುದಿಲ್ಲ. ಅದರ ಪೆಟ್ಟು ಮೊದಲು ಬೀಳುವುದು ಅಧಿಕಾರಿಯ ಮೇಲಲ್ಲ. ಪಕ್ಕದ ಗೂಟಕ್ಕೆ ಕಟ್ಟಿದ ಪ್ರಾಣಿಯ ಮೇಲೆ, ಅದರ ಮೈ ಉಜ್ಜುವ ಹುಡುಗನ ಮೇಲೆ. ಅವರೂ ಬಡವರೇ. ಒಬ್ಬ ಬಡವನ ಮೇಲಿನ ಕರುಣೆಗೆ ಇನ್ನೊಬ್ಬ ಬಡವ ಬೆಲೆ ತೆರುವಂತಾಗಬಾರದು. ಹಾಗಾಗಿ ಪರೀಕ್ಷೆ ಬೇಕು, ಕೊನೆಗೆ ಆ ಕಠಿಣ ನಿರ್ಧಾರವೂ ಬೇಕು ಎಂದೇ ನನ್ನ ನಂಬಿಕೆ.

ಆದರೆ ನಿಜ ಹೇಳು ಎಂದು ಕೇಳುವವರಿಗೂ ಒಂದು ಹೊಣೆಯಿದೆ. ಪರಿಹಾರ ಕೊಡುವ ವ್ಯವಸ್ಥೆ ನಮ್ಮಲ್ಲಿದೆ. ಅದು ಪ್ರಾಣಿ ಸತ್ತ ದಿನವೇ ಕೈಸೇರುತ್ತದೆಯೇ? ಇನ್ನೊಂದು ಪ್ರಾಣಿಯನ್ನು ಕೊಳ್ಳಲು ಸಾಲುತ್ತದೆಯೇ? ಕೆಲಸವಿಲ್ಲದ ದಿನಗಳ ಊಟ ಅದರಲ್ಲಿ ಸೇರಿದೆಯೇ? ಈ ಪ್ರಶ್ನೆಗಳಿಗೆ ಹೌದು ಎನ್ನಲಾಗದ ಸಮಾಜ, ಪ್ರಾಮಾಣಿಕತೆಯನ್ನು ಬಡವನಿಂದ ಪುಕ್ಕಟೆಯಾಗಿ ಕೇಳುತ್ತಿದೆ.

ಇನ್ನು ಪ್ರಾಣಿ. ಅದಕ್ಕೆ ಯಾವ ಪರಿಹಾರವೂ ತಲುಪುವುದಿಲ್ಲ. ಇರುವಷ್ಟು ದಿನ ಹಗುರಾದ ಹೊರೆ, ಶುದ್ಧ ನೀರು, ವಿಶ್ರಾಂತಿ. ಕೊಲ್ಲಲೇಬೇಕಾದರೆ ನೋವಿಲ್ಲದ ಸಾವು. ಇಷ್ಟನ್ನು ನಾವು ಕೊಡಬಹುದು. ಇದನ್ನು ದಾನ ಎನ್ನಬೇಕಾಗಿಲ್ಲ, ಅದರ ಬೆನ್ನೇರಿ ಹೋದವರ ಬಾಕಿ ಬಾಡಿಗೆ ಎಂದರೆ ಸಾಕು.