ಸ್ವಹಸ್ತವೋ, ಪರಹಸ್ತವೋ?

ಮನೆಯ ಮಗ್ಗುಲಲ್ಲಿ ಕಾರು ನಿಲ್ಲಿಸುವುದಕ್ಕೆ ಒಂದು ಶೆಡ್ಡು ಬೇಕಾದಾಗ, ಅದನ್ನು ತಾನೇ ಕಟ್ಟುವುದೋ, ಕೂಲಿ ಕೊಟ್ಟು ಕಟ್ಟಿಸುವುದೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಬರಿಯ ಲೆಕ್ಕಾಚಾರದ ವಿಷಯವಾಗಿ ತೋರುವುದು. ಹಣವುಳ್ಳವನು ಕಟ್ಟಿಸುವನು, ಇಲ್ಲದವನು ಕಟ್ಟಿಕೊಳ್ಳುವನು. ಇದರಲ್ಲಿ ಧರ್ಮವಿಚಾರಕ್ಕೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆನು. ಸೊಂಟದೆತ್ತರದ ಒಂದು ಗೋಡೆಯು ನನ್ನ ಎಣಿಕೆಯನ್ನು ತಿದ್ದಿತು.

ಕಳೆದ ವರ್ಷ ನಮ್ಮ ಮನೆಯಲ್ಲಿ ಈ ಪ್ರಸಂಗವು ಒದಗಿದಾಗ, 10 ಅಡಿ ಅಗಲ, 18 ಅಡಿ ಉದ್ದದ ಜಾಗಕ್ಕೆ ಮೂರು ಗೋಡೆಗಳನ್ನೆಬ್ಬಿಸಿ ಮೇಲೆ ತಗಡು ಹೊದಿಸುವುದು ಏನು ಮಹಾಕಾರ್ಯವೆಂದು ನಾನೇ ಮುಂದಾದೆನು. ಗಾಂಧೀಜಿಯವರ ಏಕಾದಶ ವ್ರತಗಳಲ್ಲಿ ಶರೀರಶ್ರಮವೂ ಒಂದೆಂದು ಅನೇಕ ವರ್ಷ ಬಾಲಕರಿಗೆ ಬೋಧಿಸಿದವನಿಗೆ ಆಳುಗಳನ್ನು ಕರೆಯುವುದು ನಾಚಿಕೆಯೆನಿಸಿತು. ಆದರೆ ಆ ನಾಚಿಕೆಯ ಹಿಂದೆ ಇನ್ನೊಂದು ಭಾವವೂ ಅಡಗಿದ್ದಿತೆಂಬುದನ್ನು ಇಲ್ಲಿ ಮುಚ್ಚಿಡಲಾರೆನು. ಮೇಸ್ತ್ರಿಯು ಹೇಳಿದ ಕೂಲಿಯು ನನಗೆ ಹೆಚ್ಚಾಗಿ ಕಂಡಿದ್ದಿತು. ಉಳಿತಾಯದ ಆಸೆಯು ವ್ರತದ ವೇಷವನ್ನು ತೊಟ್ಟು ಬಂದಿದ್ದಿತು.

ಆರು ದಿನಗಳಲ್ಲಿ ಬೀದಿಯ ಕಡೆಯ ಗೋಡೆಯು ಸೊಂಟದೆತ್ತರಕ್ಕೆ ಬಂದಿತು. ಬೆನ್ನು ನೊಂದರೂ ಮನಸ್ಸು ಹಿಗ್ಗಿತು. ಏಳನೆಯ ದಿನ ಆ ಮೇಸ್ತ್ರಿಯೇ ಆ ದಾರಿಯಾಗಿ ಹೋಗುತ್ತಿದ್ದವನು ನಿಂತು, ಚೀಲದಿಂದ ತೂಗುಗುಂಡನ್ನು ತೆಗೆದು ಗೋಡೆಯ ನೆತ್ತಿಯಿಂದ ಇಳಿಬಿಟ್ಟನು. ದಾರವು ಬುಡದಲ್ಲಿ ಗೋಡೆಗೆ ತಾಗದೆ ಒಂದೂವರೆ ಅಂಗುಲ ದೂರ ನಿಂತಿತು. “ಮೇಷ್ಟ್ರೇ, ಇದು ಬಿದ್ದರೆ ನಿಮ್ಮ ಮೇಲೆ ಬೀಳೋದಿಲ್ಲ. ಬೀದಿಯಲ್ಲಿ ಆಡೋ ಮಕ್ಕಳ ಮೇಲೆ ಬೀಳುತ್ತೆ” ಎಂದನು. ಗೋಡೆಯನ್ನು ಅಂದೇ ಕೆಡವಿದೆನು.

ಆ ರಾತ್ರಿ ನಿದ್ದೆ ಬಾರದೆ ಯೋಚಿಸಿದಾಗ ಮೊದಲು ಹೊಳೆದುದು ಇದು: ತನ್ನ ತಪ್ಪಿನ ಫಲವನ್ನು ತಾನೊಬ್ಬನೇ ಉಣ್ಣುವಲ್ಲಿ ಸ್ವಾವಲಂಬನೆಯು ಗುಣವೇ ಸರಿ, ಪರರು ಉಣ್ಣಬೇಕಾದಲ್ಲಿ ಅದು ಪ್ರಮಾದವೆನಿಸುವುದು. ಗಾಂಧೀಜಿಯವರೂ ಇದನ್ನು ಬಲ್ಲವರಾಗಿದ್ದರು. 1910ರಲ್ಲಿ ಜೋಹಾನ್ಸ್‌ಬರ್ಗಿನ ಬಳಿ, ಮಿತ್ರರಾದ ಕ್ಯಾಲನ್‌ಬಾಕ್‌ರವರು ಒದಗಿಸಿಕೊಟ್ಟ ಸುಮಾರು 1,100 ಎಕರೆ ನೆಲದಲ್ಲಿ ಟಾಲ್‌ಸ್ಟಾಯ್ ಫಾರ್ಮನ್ನು ಸ್ಥಾಪಿಸಿದಾಗ, ಶ್ರಮವನ್ನೇ ವ್ರತವಾಗಿ ಹಿಡಿದ ಆ ನಿವಾಸಿಗಳ ಮನೆಗಳನ್ನು ಕಟ್ಟುವುದಕ್ಕೆ ಐರೋಪ್ಯ ಮೇಸ್ತ್ರಿಯೊಬ್ಬನೂ ಗುಜರಾತಿ ಬಡಗಿಗಳೂ ಬಂದರು. ವಿಶೇಷ ಕೌಶಲವು ಬೇಡದ ಕೆಲಸವನ್ನು ನಿವಾಸಿಗಳು ತಾವೇ ಮಾಡಿದರು. ಕುಶಲಿಗೆ ಎಡೆಗೊಟ್ಟುದರಿಂದ ಅವರ ವ್ರತಕ್ಕೆ ಭಂಗವೇನೂ ಬರಲಿಲ್ಲ.

ಹಾಗಾದರೆ ಹಣ ಕೊಟ್ಟು ಪರರಿಂದ ಮಾಡಿಸಿದ ಕೆಲಸವು ನಮ್ಮದೆನಿಸುವುದು ಹೇಗೆ? ಈ ಶಂಕೆಯು ನಮ್ಮ ಹಿರಿಯರಿಗೂ ಬಂದಿದ್ದಿತು. ಜ್ಯೋತಿಷ್ಟೋಮ ಯಾಗಕ್ಕೆ 16 ಮಂದಿ ಋತ್ವಿಜರು. ಕರ್ಮವನ್ನು ನಡೆಸುವವರು ಅವರು. ಫಲವು ಮಾತ್ರ ಯಜಮಾನನದು. ಮೀಮಾಂಸಕರು ಇದನ್ನು ವಿಚಾರಿಸಿ, ಋತ್ವಿಜರಿಗೆ ಕೊಡುವ ದಕ್ಷಿಣೆಯು ಧರ್ಮಾರ್ಥವಾದ ದಾನವಲ್ಲ, ಅದು ಪರಿಕ್ರಯ, ಎಂದರೆ ಅವರ ಕರ್ಮಕ್ಕೆ ಸಲ್ಲತಕ್ಕ ಬೆಲೆಯೆಂದು ನಿರ್ಣಯಿಸಿದರು. ಆದರೂ ಎರಡನ್ನು ಯಜಮಾನನು ಋತ್ವಿಜರಿಗೆ ಒಪ್ಪಿಸುವಂತಿಲ್ಲ. ಸಂಕಲ್ಪವು ಅವನದೇ, ದ್ರವ್ಯವು ಇನ್ನು ತನ್ನದಲ್ಲವೆಂದು ಬಿಟ್ಟುಕೊಡುವ ತ್ಯಾಗವೂ ಅವನದೇ.

ಯಾಗಶಾಲೆಯ ಈ ನ್ಯಾಯವು ಮನೆಯಂಗಳಕ್ಕೂ ಸಲ್ಲುವುದೆಂದು ನನಗೆ ತೋರುತ್ತದೆ. ಎಷ್ಟು ಕಟ್ಟಬೇಕು, ಅದರಿಂದ ನೆರೆಯವರ ಬೆಳಕಿಗೆ ಅಡ್ಡಿಯಾಗುವುದೇ, ಮಳೆನೀರು ಯಾರ ಅಂಗಳಕ್ಕೆ ಹರಿಯುವುದು ಎಂಬುದು ಸಂಕಲ್ಪ. ಇದನ್ನು ಮೇಸ್ತ್ರಿಯ ಮೇಲೆ ಹಾಕಿ ಕೈತೊಳೆದುಕೊಳ್ಳಲಾಗದು. ಕೂಲಿಯನ್ನು ಕೊರಗಿಲ್ಲದೆ, ಕೊಸರಾಟವಿಲ್ಲದೆ, ದಿನ ತಪ್ಪದೆ ಕೊಡುವುದು ತ್ಯಾಗ. ಕೊಡುವಾಗ ಕಡಮೆ ಮಾಡಿ, ಉಳಿದುದನ್ನು ಜಾಣತನವೆಂದು ಹೇಳಿಕೊಳ್ಳುವವನ ಶೆಡ್ಡು ನೆಟ್ಟಗೆ ನಿಂತರೂ ಕರ್ಮವು ಅಪೂರ್ಣವೇ.

ಇಷ್ಟರಿಂದ ಕೈಕೆಲಸವು ಕುಶಲಿಗಳಿಗೇ ಮೀಸಲೆಂದು ಭಾವಿಸಬಾರದು. ಆ ಆರು ದಿನಗಳ ಶ್ರಮವು ಗೋಡೆಯಾಗಿ ಉಳಿಯಲಿಲ್ಲವಾದರೂ ನನ್ನ ಮಟ್ಟಿಗೆ ವ್ಯರ್ಥವಾಗಲಿಲ್ಲ. 50 ಕಿಲೋ ಸಿಮೆಂಟಿನ ಮೂಟೆಯನ್ನು ಬಾಗಿಲಿನಿಂದ ಹಿತ್ತಿಲಿಗೆ ಸಾಗಿಸಿದ ಮೇಲೆ, ಬಿಸಿಲಿನಲ್ಲಿ ಗಾರೆ ಕಲಸಿ ಅಂಗೈ ಸುಟ್ಟುಕೊಂಡ ಮೇಲೆ, ಮೊದಲು ಹೆಚ್ಚೆಂದು ಕಂಡಿದ್ದ ಕೂಲಿಯು ಹೆಚ್ಚಲ್ಲವೆಂದು ತಿಳಿಯಿತು. ಕಾಗದದ ಮೇಲಿನ ಲೆಕ್ಕವು ಇದನ್ನು ನನಗೆ ಕಲಿಸಿರಲಿಲ್ಲ. ಸ್ವಹಸ್ತದ ಕೆಲಸದಿಂದ ಕೂಲಿಯು ಉಳಿಯಬಹುದು, ಉಳಿಯದಿರಬಹುದು. ಪರರ ಶ್ರಮದ ಬೆಲೆಯನ್ನು ಅಳೆಯುವ ಕೋಲಂತೂ ಕೈಗೆ ಬರುವುದು.

ಕಡೆಗೆ ಆ ಮೇಸ್ತ್ರಿಯನ್ನೇ ಕರೆದು, ಅವನು ಮೊದಲು ಹೇಳಿದ ಕೂಲಿಗೇ ಒಪ್ಪಿ ಕೆಲಸವನ್ನು ವಹಿಸಿದೆನು. ಗೋಡೆಯೂ ಸೂರೂ ಅವನವು. ಮರಳು ಜರಡಿ ಹಿಡಿಯುವುದು ಮತ್ತು ಗೋಡೆಗೆ ನೀರುಣಿಸುವುದು ನನ್ನ ಪಾಲಿಗೆ ಬಂದವು. ಸಿಮೆಂಟಿನ ಗಾರೆಯು ಬೇಗ ಒಣಗಿದರೆ ಬಲ ಹಿಡಿಯದು. ಕಡಮೆಯೆಂದರೆ 7 ದಿನ ಅದನ್ನು ತೇವವಾಗಿರಿಸಬೇಕು. ಅಷ್ಟು ದಿನವೂ ಬೆಳಗ್ಗೆ ಸಂಜೆ ಬಿಡದೆ ಕೊಡ ಹೊತ್ತೆನು. ಕೆಡವಿದ ಗೋಡೆಯ ಸಿಮೆಂಟನ್ನೂ ಲೆಕ್ಕಕ್ಕೆ ಹಿಡಿದರೆ ಉಳಿದುದು ಏನೂ ಇಲ್ಲ. ಬೀದಿಯ ಮಕ್ಕಳು ಈಗಲೂ ಆ ಗೋಡೆಯ ನೆರಳಿನಲ್ಲಿಯೇ ಆಡುತ್ತಾರೆ.